ಧಾರೆಯಿಂದ ಮಹಜರಿನವರೆಗೆ

ಯಾವ ಪತ್ರಿಕೆಯ ಸಂಬಳಕ್ಕೂ ಸೇರದೆ, ಯಾವ ಸ್ಟುಡಿಯೋದ ನೌಕರಿಗೂ ಕಟ್ಟುಬೀಳದೆ, ಒಪ್ಪಿಕೊಂಡ ಒಂದೊಂದು ಕೆಲಸಕ್ಕೂ ಬೇರೆ ಬೇರೆಯಾಗಿ ಹಣ ಪಡೆದು ದುಡಿಯುವ ಛಾಯಾಗ್ರಾಹಕನಿಗೆ ಹಾಸನದ ಕಡೆಯೂ ಫ್ರೀಲಾನ್ಸರ್ ಎಂದೇ ಹೆಸರು. ಬೆಂಗಳೂರಿನಂಥ ಮಹಾನಗರದಲ್ಲಿ ಇಂಥವನು ಕಟ್ಟಡಗಳ ಚಿತ್ರವನ್ನಷ್ಟೇ ಅಥವಾ ಒಡವೆಗಳ ಚಿತ್ರವನ್ನಷ್ಟೇ ತೆಗೆದು ಬದುಕಬಹುದು. ಜಿಲ್ಲಾ ಕೇಂದ್ರದಲ್ಲಿ ಒಂದೇ ಬಗೆಯ ಕೆಲಸಕ್ಕೆ ವರ್ಷವಿಡೀ ಗಿರಾಕಿ ಸಿಗುವುದಿಲ್ಲವಾದ್ದರಿಂದ ಮದುವೆ, ನಾಮಕರಣ, ಜಾತ್ರೆ, ಚುನಾವಣೆ, ಅಪಘಾತದ ಸ್ಥಳ, ಶಾಲಾ ವಾರ್ಷಿಕೋತ್ಸವ, ದೇವಾಲಯದ ಶಿಲ್ಪ ಎಲ್ಲವೂ ಒಬ್ಬನ ಪಾಲಿಗೇ ಬರುತ್ತವೆ. ಬಲ್ಲವರೆನಿಸಿಕೊಂಡವರು ಈ ವೈವಿಧ್ಯವನ್ನು ಕೊರತೆಯೆಂದು ಎಣಿಸಿ, ಎಲ್ಲವನ್ನೂ ಮಾಡುವವನಿಗೆ ಯಾವುದೂ ಪೂರ್ತಿ ಒಲಿಯದು ಎನ್ನುವುದುಂಟು. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳ ಉತ್ತಮ ಛಾಯಾಗ್ರಾಹಕರ ಕೆಲಸವನ್ನು ಗಮನವಿಟ್ಟು ನೋಡಿದವರು ಈ ಮಾತನ್ನು ಒಪ್ಪಲಾರರು, ಏಕೆಂದರೆ ಅಲ್ಲಿ ಒಂದು ಕೆಲಸದಲ್ಲಿ ಕಲಿತ ಶಿಸ್ತೇ ಇನ್ನೊಂದು ಕೆಲಸದ ಚಿತ್ರವನ್ನು ಗಟ್ಟಿಗೊಳಿಸಿರುವುದು ಎದ್ದು ಕಾಣುತ್ತದೆ.

ಈ ವೃತ್ತಿಯ ವರ್ಷವನ್ನು ಆಳುವುದು ಪಂಚಾಂಗ. ಆಷಾಢ, ಪಿತೃಪಕ್ಷ, ಧನುರ್ಮಾಸಗಳಲ್ಲಿ ಲಗ್ನಗಳಿರುವುದಿಲ್ಲ. ವೈಶಾಖದ ಒಳ್ಳೆಯ ಮುಹೂರ್ತವೊಂದರಲ್ಲಿ ಒಂದೇ ದಿನಕ್ಕೆ ನಾಲ್ಕಾರು ಕಡೆಯಿಂದ ಕರೆ ಬಂದು, ಒಪ್ಪಿಕೊಂಡದ್ದನ್ನು ಉಳಿಸಿಕೊಂಡು ಮಿಕ್ಕದ್ದನ್ನು ಸಹವೃತ್ತಿಯವರಿಗೆ ಹಂಚಬೇಕಾಗುತ್ತದೆ. ಹೀಗೆ ಹಂಚಿಕೊಳ್ಳುವ ಕೊಡುಕೊಳ್ಳುವಿಕೆಯೇ ಈ ಊರುಗಳಲ್ಲಿ ಫ್ರೀಲಾನ್ಸರ್‌ನ ನಿಜವಾದ ಬಂಡವಾಳ, ಕ್ಯಾಮೆರಾ ಅನಂತರದ್ದು. ಆಶ್ವಯುಜದ ಹುಣ್ಣಿಮೆ ಕಳೆದ ಮೊದಲ ಗುರುವಾರ ಹಾಸನಾಂಬೆಯ ಗರ್ಭಗುಡಿಯ ಬಾಗಿಲು ತೆರೆದು, ಬಲಿಪಾಡ್ಯಮಿಯ ಮರುದಿನದ ಹೊತ್ತಿಗೆ ಮತ್ತೆ ಮುಚ್ಚುವವರೆಗಿನ ದಿನಗಳಲ್ಲಿ ಇಡೀ ನಗರದ ಕ್ಯಾಮೆರಾಗಳು ಆ ಬೀದಿಯ ಸುತ್ತ ಸೇರುತ್ತವೆ.

ಮದುವೆಯ ಕೆಲಸವನ್ನು ಸುಲಭವೆಂದು ತಿಳಿಯುವವರು ಕಲ್ಯಾಣ ಮಂಟಪದ ಬೆಳಕನ್ನು ಒಮ್ಮೆ ಗಮನಿಸಬೇಕು. ಕೆಂಪು ಬಟ್ಟೆಯ ಶಾಮಿಯಾನದಡಿ ನಿಂತವರ ಮುಖಕ್ಕೆ ಕೆಂಪು ಹೊರಳುತ್ತದೆ, ಚಪ್ಪರದ ಸೊಪ್ಪಿನ ಹಸಿರು ನೆರಳು ಅದರೊಡನೆ ಬೆರೆಯುತ್ತದೆ, ಅರಿಶಿನ ಹಚ್ಚಿದ ಮೈಬಣ್ಣವಂತೂ ಕ್ಯಾಮೆರಾದ ಬಣ್ಣದ ಲೆಕ್ಕವನ್ನೇ ತಪ್ಪಿಸುತ್ತದೆ. ಬಿಳಿಯ ವಸ್ತು ಚಿತ್ರದಲ್ಲಿಯೂ ಬಿಳಿಯಾಗಿಯೇ ಕಾಣುವಂತೆ ಹೊಂದಿಸುವುದನ್ನು ವೈಟ್ ಬ್ಯಾಲೆನ್ಸ್ ಎನ್ನುತ್ತಾರೆ. ಅದನ್ನು ಯಂತ್ರದ ವಿವೇಚನೆಗೇ ಬಿಟ್ಟರೆ, ಅರಿಶಿನ ಶಾಸ್ತ್ರದ ಹಳದಿಯನ್ನು ದೋಷವೆಂದು ಬಗೆದು ಕ್ಯಾಮೆರಾ ನೀಲಿಯನ್ನು ಸೇರಿಸಿ, ಮದುಮಗಳ ಮುಖವನ್ನು ಕಳೆಗುಂದಿಸಿಬಿಡುತ್ತದೆ. ವಿದ್ಯುತ್ತು ಸೆಕೆಂಡಿಗೆ 50 ಆವರ್ತನಗಳಲ್ಲಿ ಹರಿಯುವುದರಿಂದ ಎಷ್ಟೋ ದೀಪಗಳು ಸೆಕೆಂಡಿಗೆ 100 ಸಲ ಮಿನುಗುತ್ತವೆ. ಕಣ್ಣಿಗೆ ತಿಳಿಯದ ಆ ಮಿನುಗು ಚಿತ್ರದಲ್ಲಿ ಅಡ್ಡ ಪಟ್ಟೆಗಳಾಗಿ ಮೂಡದಿರಲೆಂದು ಅನುಭವಿಗಳು ಷಟರ್ ವೇಗವನ್ನು 1/50 ಅಥವಾ 1/100 ಸೆಕೆಂಡಿಗೆ ಇಳಿಸುತ್ತಾರೆ. ವೇದಿಕೆಯ ಹಿಂದಿನ ಎಲ್‌ಇಡಿ ಪರದೆ ತನ್ನದೇ ಗತಿಯಲ್ಲಿ ಮಿನುಗುವುದರಿಂದ ಅದಕ್ಕೆ ಬೇರೆಯೇ ಲೆಕ್ಕ ಬೇಕು.

ಇಷ್ಟನ್ನೂ ಸರಿಪಡಿಸಿಕೊಂಡವನಿಗೆ ಎದುರಾಗುವುದು ಧಾರೆಯ ಹೊತ್ತು. ಅಂತರಪಟ ಸರಿದು ವಧುವರರು ಪರಸ್ಪರರ ತಲೆಯ ಮೇಲೆ ಜೀರಿಗೆ ಬೆಲ್ಲ ಇಡುವ ಕ್ಷಣ ಮರಳಿ ಬರುವಂಥದ್ದಲ್ಲ. ಅದರ ಬೆನ್ನಿಗೇ ಕೈಮೇಲೆ ಕೈಯಿಟ್ಟು ಹಿಡಿದ ತೆಂಗಿನಕಾಯಿಯ ಮೇಲೆ ತಂದೆತಾಯಿಯರು ಧಾರೆ ಎರೆಯುತ್ತಾರೆ, ಈ ಸೀಮೆಯ ಬಹಳಷ್ಟು ಮನೆತನಗಳಲ್ಲಿ ನೆಂಟರಿಷ್ಟರೆಲ್ಲ ಸಾಲುಗಟ್ಟಿ ಬಂದು ಹಾಲಿನ ಧಾರೆ ಎರೆಯುವುದೂ ಉಂಟು. ಪುರೋಹಿತರ ಹೆಗಲು, ಸೋದರಮಾವನ ಪೇಟ, ಎದುರಿಗೆ ಎತ್ತಿದ ಹತ್ತಾರು ಮೊಬೈಲುಗಳು, ಇವುಗಳ ನಡುವೆ ಆ ಕೈಗಳೂ ಹೆತ್ತವಳ ಮುಖವೂ ಒಂದೇ ಚೌಕಟ್ಟಿಗೆ ದಕ್ಕುವ ಜಾಗ ಒಂದು ಅಥವಾ ಎರಡು ಮಾತ್ರ. ಅದು ಎಲ್ಲಿದೆಯೆಂದು ಶಾಸ್ತ್ರದ ಕ್ರಮ ತಿಳಿದವನು ಮೊದಲೇ ಊಹಿಸಿ ನಿಂತಿರುತ್ತಾನೆ. ದುಬಾರಿ ಲೆನ್ಸು ಈ ತಿಳಿವಳಿಕೆಗೆ ಬದಲಿಯಾಗಲಾರದು.

ಇತ್ತೀಚಿನ ಪ್ರೀ-ವೆಡ್ಡಿಂಗ್ ಚಿತ್ರಗಳ, ಎಂದರೆ ಮದುವೆಗೆ ಮುಂಚೆಯೇ ಜೋಡಿಯನ್ನು ರಮ್ಯ ಸ್ಥಳಗಳಿಗೆ ಕರೆದೊಯ್ದು ತೆಗೆಯುವ ಚಿತ್ರಗಳ ಬಗ್ಗೆ ಅಷ್ಟೇ ಮೆಚ್ಚುಗೆ ಸೂಚಿಸುವುದು ಕಷ್ಟ. ಹೇಮಾವತಿಯ ಹಿನ್ನೀರಿನಲ್ಲಿ ಮಳೆಗಾಲದಲ್ಲಿ ಮುಳುಗಿ ಬೇಸಿಗೆಯಲ್ಲಿ ಪೂರ್ತಿ ತೆರೆದುಕೊಳ್ಳುವ ಶೆಟ್ಟಿಹಳ್ಳಿಯ ಚರ್ಚು, ಟಿಪ್ಪು ಕಟ್ಟಿಸಿದ ನಕ್ಷತ್ರಾಕಾರದ ಮಂಜರಾಬಾದ್ ಕೋಟೆ ಇಂಥ ಚಿತ್ರಗಳಿಗೆ ಮತ್ತೆ ಮತ್ತೆ ಬಳಕೆಯಾಗಿವೆ. ಆ ಕಮಾನುಗಳ ಭವ್ಯತೆಯ ಮುಂದೆ ಜೋಡಿ ಯಾರೆಂಬುದು ಮುಖ್ಯವಾಗುವುದೇ ಇಲ್ಲ. ಹೆಸರು ಬದಲಿಸಿ ಯಾವ ಆಲ್ಬಮ್ಮಿಗೆ ಸೇರಿಸಿದರೂ ನಡೆಯುವಂಥ ಚಿತ್ರ ಅದು. ಹುಡುಗಿಯ ಮನೆಯ ಹಿತ್ತಲಲ್ಲಿ, ಹುಡುಗನ ಅಡಿಕೆ ತೋಟದಲ್ಲಿ ತೆಗೆದ ಚಿತ್ರಕ್ಕೆ ಬೆಲೆ ಹೆಚ್ಚೆಂದು ಗಿರಾಕಿಗಳಿಗೆ ತಿಳಿಹೇಳುವ ಧೈರ್ಯವನ್ನು ಛಾಯಾಗ್ರಾಹಕರು ತೋರಬೇಕು.

ಆಲ್ಬಮ್ಮಿಗೆ ಎಂದೂ ಸೇರದ ಚಿತ್ರಗಳಲ್ಲಿಯೇ ಈ ವೃತ್ತಿಯ ಅತ್ಯಂತ ಕಟ್ಟುನಿಟ್ಟಾದ ಪಾಠವಿದೆ. ಅಪಘಾತವಾದಾಗ, ಅಸಹಜ ಸಾವು ಸಂಭವಿಸಿದಾಗ ಪೊಲೀಸರು ಪಂಚರ ಸಮ್ಮುಖದಲ್ಲಿ ಸ್ಥಳದ ಸ್ಥಿತಿಯನ್ನು ದಾಖಲಿಸುವುದಕ್ಕೆ ಸ್ಥಳ ಮಹಜರು ಎನ್ನುತ್ತಾರೆ. ತಾಲ್ಲೂಕು ಕೇಂದ್ರಗಳಲ್ಲಿ ಅದಕ್ಕೆ ಬಹುಕಾಲದಿಂದ ಕರೆ ಹೋಗುತ್ತಿದ್ದುದು ಊರಿನ ಛಾಯಾಗ್ರಾಹಕನಿಗೇ. ಮೊದಲು ಇಡೀ ಸ್ಥಳ, ಬಳಿಕ ವಸ್ತುಗಳ ನಡುವಣ ಅಂತರ ತಿಳಿಯುವ ಮಧ್ಯಮ ದೂರದ ಚಿತ್ರ, ಕೊನೆಗೆ ಪಕ್ಕದಲ್ಲಿ ಅಳತೆಪಟ್ಟಿಯಿಟ್ಟು ತೆಗೆದ ಸಮೀಪ ಚಿತ್ರ, ಹೀಗೆ ಮೂರು ಹಂತಗಳಲ್ಲಿ ಸಾಗುವ ಈ ಕ್ರಮದಲ್ಲಿ ಅಲಂಕಾರಕ್ಕೆ ಎಡೆಯಿಲ್ಲ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 105ನೆಯ ಕಲಮು ಶೋಧ ಮತ್ತು ಜಪ್ತಿಯನ್ನು ಧ್ವನಿ-ದೃಶ್ಯ ಸಾಧನದಲ್ಲಿ, ಸಾಧ್ಯವಾದಷ್ಟೂ ಮೊಬೈಲಿನಲ್ಲಿ, ದಾಖಲಿಸಬೇಕೆಂದು ವಿಧಿಸಿರುವುದರಿಂದ 2024ರ ಜುಲೈ 1ರ ಬಳಿಕ ಈ ಕೆಲಸದ ಒಂದು ಭಾಗ ಪೊಲೀಸರ ಕೈಗೇ ಹೋಗಿದೆ. ಅದೇ ದಿನ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೆಯ ಕಲಮಿನಂತೆ ನ್ಯಾಯಾಲಯಕ್ಕೆ ಒಪ್ಪಿಸುವ ಡಿಜಿಟಲ್ ಚಿತ್ರದೊಡನೆ ಪ್ರಮಾಣಪತ್ರವನ್ನೂ, ಕಡತದ ಒಂದು ಚುಕ್ಕೆ ತಿದ್ದಿದರೂ ಬದಲಾಗಿಬಿಡುವ ಹ್ಯಾಶ್ ಮೌಲ್ಯವೆಂಬ ಗುರುತನ್ನೂ ಕೊಡಬೇಕಾಗುತ್ತದೆ. ಮದುವೆಯ ಚಿತ್ರದಲ್ಲಿ ಮೊಡವೆ ಅಳಿಸುವುದು ಸೇವೆ, ಮಹಜರಿನ ಚಿತ್ರದಲ್ಲಿ ಒಂದು ಕಲೆಯನ್ನು ಅಳಿಸುವುದು ಅಪರಾಧ. ಬೆಳಿಗ್ಗೆ ಒಂದನ್ನೂ ಸಂಜೆ ಇನ್ನೊಂದನ್ನೂ ಮಾಡಬೇಕಾದವನಿಗೆ ಇವೆರಡರ ನಡುವಿನ ಗೆರೆ ಯಾವ ಪಠ್ಯಪುಸ್ತಕಕ್ಕಿಂತಲೂ ಚೆನ್ನಾಗಿ ಗೊತ್ತಿರುತ್ತದೆ.

ರಾಸುಗಳ ವಿಮೆಗಾಗಿ ತೆಗೆಯುವ ಚಿತ್ರವೂ ಇದೇ ಜಾತಿಯದು. ಹಸುವಿನ ಪಕ್ಕೆ ಪೂರ್ತಿ ಕಾಣುವಂತೆ ಅಡ್ಡಲಾಗಿ ನಿಲ್ಲಿಸಿ, ಕಿವಿಯೋಲೆಯ ಸಂಖ್ಯೆ ಓದಲು ಬರುವಂತೆ, ಹಗ್ಗ ಹಿಡಿದ ಒಡೆಯನ ಮುಖವೂ ತಿಳಿಯುವಂತೆ ಬೆಳಕನ್ನು ಬೆನ್ನಿಗಿಟ್ಟುಕೊಂಡು ತೆಗೆಯಬೇಕು. ರಾಸು ಬಾಲ ಬೀಸದೆ, ಕಿವಿ ಆಡಿಸದೆ ನಿಲ್ಲುವ ಅರೆ ಕ್ಷಣಕ್ಕೆ ಕಾಯಬೇಕು. ಈಗ ಮೊಬೈಲುಗಳೇ ಇದನ್ನು ಮಾಡುತ್ತಿವೆ. ಆಧಾರ್ ಕೇಂದ್ರ, ಪಾಸ್‌ಪೋರ್ಟ್ ಸೇವಾ ಕೇಂದ್ರಗಳು ಅಲ್ಲಿಯೇ ಮುಖಚಿತ್ರ ತೆಗೆದುಕೊಳ್ಳುವುದರಿಂದ ಸ್ಟುಡಿಯೋಗಳ ದಿನದ ಆದಾಯವೂ ಸೊರಗಿದೆ. ಚುನಾವಣೆ ಬಂದಾಗ ಮಾತ್ರ ಅಭ್ಯರ್ಥಿಗಳ ವೆಚ್ಚದ ಮೇಲೆ ನಿಗಾ ಇಡುವ ವಿಡಿಯೊ ತಂಡಗಳಿಗೆ ಊರಿನ ಛಾಯಾಗ್ರಾಹಕರನ್ನು ಬಾಡಿಗೆಗೆ ಕರೆಯುವುದುಂಟು. ಪ್ರಧಾನಿಯೊಬ್ಬರನ್ನು ಕೊಟ್ಟ ಹೊಳೆನರಸೀಪುರದ ಸೀಮೆಯಲ್ಲಿ ಅಂಥ ಸಭೆಗಳಿಗೇನೂ ಕೊರತೆಯಿಲ್ಲ.

ಜಿಲ್ಲೆಯ ಛಾಯಾಗ್ರಹಣದ ಪರಂಪರೆ ಇದಕ್ಕೆಲ್ಲ ಹಿಂದಿನದು. ಕ್ಯಾಪ್ಟನ್ ರಿಚರ್ಡ್ ಬ್ಯಾನರ್ ಓಕ್ಲಿ ಎಂಬ ಸೇನಾಧಿಕಾರಿ ಹಳೇಬೀಡಿನ ದೇವಾಲಯವನ್ನು ಕುರಿತ 56 ಛಾಯಾಚಿತ್ರಗಳ ಪುಸ್ತಕವನ್ನು 1859ರಲ್ಲಿ ಲಂಡನ್ನಿನಲ್ಲಿ ಹೊರತಂದಾಗ, ಛಾಯಾಗ್ರಹಣದ ವಿದ್ಯೆ ಜಗತ್ತಿಗೆ ಪ್ರಕಟವಾಗಿ ಕೇವಲ 20 ವರ್ಷಗಳಾಗಿದ್ದವು. ಆ ಕಾಲದಿಂದ ಉಪಕರಣಗಳು ಗುರುತು ಸಿಗದಷ್ಟು ಬದಲಾದರೂ ಹೊಯ್ಸಳರ ಬಳಪದ ಕಲ್ಲು ಒಡ್ಡುವ ಸವಾಲು ಬದಲಾಗಿಲ್ಲ. ನುಣುಪಾದ ಆ ಕಪ್ಪು ಕಲ್ಲಿನ ಮೇಲೆ ಬೆಳಕು ನೇರವಾಗಿ ಬಿದ್ದರೆ ಶಿಲ್ಪವೆಲ್ಲ ಚಪ್ಪಟೆಯಾಗುತ್ತದೆ. ಓರೆಯಾಗಿ ಸವರಿಕೊಂಡು ಹೋದಾಗಲೇ ಕೊರೆತದ ಆಳ ಎದ್ದು ಬರುತ್ತದೆ. ಹೊಯ್ಸಳೇಶ್ವರ ಪೂರ್ವಾಭಿಮುಖವಾಗಿರುವುದರಿಂದ ದೊಡ್ಡ ಶಿಲ್ಪಗಳು ಸಾಲುಗೊಂಡ ಪಶ್ಚಿಮದ ಗೋಡೆಗೆ ಮಧ್ಯಾಹ್ನದ ಅನಂತರದ ಹೊತ್ತು ಪ್ರಶಸ್ತ. ಗೋಡೆ ನಕ್ಷತ್ರದಂತೆ ಮೂಲೆಮೂಲೆಯಾಗಿ ಹೊರಚಾಚಿರುವುದರಿಂದ ಬಿಸಿಲು ಒಂದು ಮುಖವನ್ನು ಬಿಟ್ಟು ಇನ್ನೊಂದಕ್ಕೆ ಸರಿಯುತ್ತ ಹೋಗುತ್ತದೆ, ಒಂದು ಶಿಲ್ಪಕ್ಕೆ ಒಳ್ಳೆಯ ಬೆಳಕು ನಿಲ್ಲುವುದು ಸ್ವಲ್ಪ ಹೊತ್ತು ಮಾತ್ರ. ಉತ್ತರದ ಗೋಡೆಯ ಕತೆಯೇ ಬೇರೆ: ನಡುಹಗಲಿನ ಸೂರ್ಯ ನೆತ್ತಿಯಿಂದ ಉತ್ತರಕ್ಕೆ ಸರಿಯುವುದು ಏಪ್ರಿಲ್ ಕೊನೆಯ ಹೊತ್ತಿಗೆ, ಜೂನಿನಲ್ಲಿ ಮುಂಗಾರಿನ ಮೋಡ ಕವಿಯುತ್ತದೆ, ಆದ್ದರಿಂದ ಆ ಗೋಡೆಯನ್ನು ನೇರ ಬಿಸಿಲಿನಲ್ಲಿ ಹಿಡಿಯಬಯಸುವವನು ಮೇ ತಿಂಗಳನ್ನು, ಎಂದರೆ ಮದುವೆಗಳ ಸುಗ್ಗಿಯಲ್ಲಿಯೇ ಕೆಲವು ದಿನಗಳನ್ನು, ಕಾದಿರಿಸಿಕೊಳ್ಳಬೇಕಾಗುತ್ತದೆ. 2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರಗಳು ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಮೇಲಂತೂ ಈ ಬಿಸಿಲಿನ ಲೆಕ್ಕ ಬಲ್ಲ ಸ್ಥಳೀಯರೇ ಮುಂದೆ ಬರಬೇಕಾಗಿದೆ.

ಸುದ್ದಿಚಿತ್ರದ ಕೆಲಸ ಹಣಕ್ಕಿಂತ ಹೆಸರನ್ನೇ ಹೆಚ್ಚಾಗಿ ತರುವಂಥದ್ದು. ಶ್ರವಣಬೆಳಗೊಳದಲ್ಲಿ 2018ರ ಫೆಬ್ರವರಿಯಲ್ಲಿ ನಡೆದಂಥ ಮಹಾಮಸ್ತಕಾಭಿಷೇಕ 12 ವರ್ಷಗಳಿಗೊಮ್ಮೆ ಬರುವುದರಿಂದ ಒಬ್ಬ ಛಾಯಾಗ್ರಾಹಕನ ವೃತ್ತಿಜೀವನದಲ್ಲಿ ಅದು ಮೂರು ಸಲ ಒದಗಿದರೆ ಹೆಚ್ಚು. ಇನ್ನೊಂದೆಡೆ ಸಕಲೇಶಪುರ, ಆಲೂರುಗಳ ಕಾಡಾನೆ ಕಾರ್ಯಾಚರಣೆ ವರ್ಷ ವರ್ಷವೂ ಇದೆ. ದಸರಾ ಅಂಬಾರಿ ಹೊತ್ತ ಆನೆ ಅರ್ಜುನ 2023ರ ಡಿಸೆಂಬರಿನಲ್ಲಿ ಯಸಳೂರಿನ ಕಾಡಿನಲ್ಲಿ ಮಡಿದದ್ದು ಇಂಥದೇ ಕಾರ್ಯಾಚರಣೆಯಲ್ಲಿ. ಯಾವ ಪತ್ರಿಕೆಯ ನೌಕರನೂ ಅಲ್ಲದವನು ಅಂಥ ಜಾಗಕ್ಕೆ ಹೋದಾಗ ಅವನ ಬೆನ್ನಿಗೆ ಸಂಸ್ಥೆಯ ವಿಮೆಯಾಗಲಿ ಭರವಸೆಯಾಗಲಿ ಇರುವುದಿಲ್ಲ. 1948ರಲ್ಲಿ ಡೆಕ್ಕನ್ ಹೆರಾಲ್ಡ್ ಸೇರಿ, ಮುಂದೆ ಲೈಫ್ ಪತ್ರಿಕೆಗೂ ಯುನಿಸೆಫ್‌ಗೂ ದುಡಿದು, 1977ರಲ್ಲಿ ಪದ್ಮಶ್ರೀ ಪಡೆದ ಮೈಸೂರಿನ ಟಿ.ಎಸ್. ಸತ್ಯನ್ ಅವರು ಬಿಡಿ ಕೆಲಸದಲ್ಲಿಯೂ ಘನತೆಯಿಂದ ಬಾಳಬಹುದೆಂದು ತೋರಿಸಿಕೊಟ್ಟರು. ಸಾಮಾನ್ಯ ಜನರ ದಿನಚರಿಯನ್ನು ಗೌರವದಿಂದ ಕಂಡ ಅವರ ಕಣ್ಣು ಜಿಲ್ಲೆಯ ಕಿರಿಯ ಛಾಯಾಗ್ರಾಹಕರಿಗೆ ಇಂದಿಗೂ ದಾರಿ ತೋರಬಲ್ಲದು.

ಇಷ್ಟು ಬಗೆಯ ಚಿತ್ರಗಳ ಹಕ್ಕು ಯಾರದೆಂಬ ಪ್ರಶ್ನೆಯನ್ನು ಈ ವೃತ್ತಿಯವರು ಬಹಳ ಕಾಲ ಅಲಕ್ಷಿಸಿದ್ದಾರೆ. 1957ರ ಕೃತಿಸ್ವಾಮ್ಯ ಕಾಯ್ದೆಯ 17ನೆಯ ಕಲಮಿನ ಪ್ರಕಾರ, ಹಣ ಕೊಟ್ಟು ಹೇಳಿ ತೆಗೆಸಿದ ಛಾಯಾಚಿತ್ರದ ಮೊದಲ ಒಡೆಯ, ಬೇರೆ ಕರಾರು ಇಲ್ಲದಿದ್ದರೆ, ಅದನ್ನು ತೆಗೆಸಿದವನೇ ಹೊರತು ತೆಗೆದವನಲ್ಲ. ಹೀಗೆ ಮದುವೆಯ ಚಿತ್ರದ ಒಡೆತನ ಮನೆಯವರದಾದರೆ, ತನ್ನಿಷ್ಟದಂತೆ ತೆಗೆದ ಹಳೇಬೀಡಿನ ಚಿತ್ರ ಛಾಯಾಗ್ರಾಹಕನದೇ. 2012ರ ತಿದ್ದುಪಡಿಯ ಬಳಿಕ ಆ ಹಕ್ಕು ಅವನ ಜೀವಿತಕಾಲಕ್ಕೂ ಅನಂತರದ 60 ವರ್ಷಗಳಿಗೂ ಸಲ್ಲುತ್ತದೆ. ಮನೆಯವರಿಗೆ ಬೇಕಾಗಿರುವುದು ಆಲ್ಬಮ್ಮು ಮಾತ್ರವಾದ್ದರಿಂದ ಮೂಲ ಕಡತಗಳು ಛಾಯಾಗ್ರಾಹಕನ ಹಾರ್ಡ್ ಡಿಸ್ಕಿನಲ್ಲಿ ಉಳಿದು, ಜಾಗ ಸಾಲದಾದಾಗ ಅಳಿಸಿಹೋಗುತ್ತವೆ. ಹಳೆಯ ಸ್ಟುಡಿಯೋಗಳ ನೆಗೆಟಿವ್‌ಗಳು ಗೆದ್ದಲಿಗೂ ತೇವಕ್ಕೂ ತುತ್ತಾಗಿವೆ. ಒಂದು ಊರಿನ ಉಡುಗೆ, ಮನೆಯಂಗಳ, ಶಾಸ್ತ್ರಗಳು, ಜಾತ್ರೆಯ ರಾಸುಗಳು ಇವುಗಳ ಇಷ್ಟು ವಿಸ್ತಾರವಾದ ದಾಖಲೆ ಬೇರಾವ ಕಚೇರಿಯಲ್ಲಿಯೂ ಸಿಗುವುದಿಲ್ಲ. ಮುಂಗಡ ಬರೆದುಕೊಡುವ ಚೀಟಿಯಲ್ಲಿಯೇ, ಕಡತಗಳನ್ನು ಎಷ್ಟು ವರ್ಷ ಕಾಪಾಡಲಾಗುವುದು, ಅಳಿಸುವ ಮುನ್ನ ಮನೆಯವರಿಗೆ ಪ್ರತಿ ಕೊಡಲಾಗುವುದೇ, ಮನೆಯವರು ಒಪ್ಪಿದರೆ ಒಂದಿಷ್ಟು ಚಿತ್ರಗಳನ್ನು ಊರಿನ ಗ್ರಂಥಾಲಯಕ್ಕೋ ಕಾಲೇಜಿಗೋ ಒಪ್ಪಿಸಬಹುದೇ ಎಂಬ ಮೂರು ಸಾಲುಗಳನ್ನು ಸೇರಿಸಲು ತಾಲ್ಲೂಕಿನ ಛಾಯಾಗ್ರಾಹಕರ ಸಂಘಗಳು ಮುಂದಾದರೆ, ಬರುವ ಲಗ್ನಗಳ ಕಾಲದಿಂದಲೇ ಅದು ಜಾರಿಗೆ ಬರಬಹುದು.