ಹದಿನಾಲ್ಕೂವರೆ ನಾಣ್ಯದ ಚರ್ಚು

ಗ್ರೀಸಿನ ದಕ್ಷಿಣ ತುದಿಯ ಮಾನಿ ಎಂದರೆ ಓದುಗರ ಕಣ್ಣಮುಂದೆ ನಿಲ್ಲುವುದು ಕಲ್ಲಿನ ಗೋಪುರಮನೆಗಳು, ತಲೆಮಾರುಗಟ್ಟಲೆ ನಡೆದ ಕುಲವೈರ, ಸತ್ತವರ ಮುಂದೆ ಹೆಂಗಸರು ಕಟ್ಟಿ ಹಾಡುವ ಶೋಕಗೀತೆ. ಈ ಚಿತ್ರವನ್ನು ಲೋಕಕ್ಕೆಲ್ಲ ಹಂಚಿದ್ದು 1958ರಲ್ಲಿ ಬಂದ ಪ್ಯಾಟ್ರಿಕ್ ಲೀ ಫರ್ಮರನ ‘ಮಾನಿ’. ಬರವಣಿಗೆ ಸೊಗಸಾಗಿದೆ, ತೊಂದರೆ ಶುರುವಾದದ್ದೂ ಅಲ್ಲೇ. ಆಮೇಲೆ ಬಂದವರೆಲ್ಲ ಅವನ ಕಣ್ಣನ್ನೇ ಕಡ ತಂದರು. ಆಲಿವ್ ತೋಪುಗಳ ನಡುವೆ ಚದುರಿಕೊಂಡಿರುವ ಪುಟ್ಟ ಬೈಜಾಂಟಿನ್ ಚರ್ಚುಗಳು ಗೋಪುರದ ನೆರಳಿಗೆ ಸರಿದವು.

ವಿದ್ವಾಂಸರು ಅವನ್ನು ನೋಡದೆ ಬಿಟ್ಟರು ಎನ್ನುವಂತಿಲ್ಲ. ಟ್ರಕ್ವೇರ್, ಮೆಗಾ ಮೊದಲಾದವರು ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲೇ ಇವುಗಳ ವಾಸ್ತುವಿನ ಬಗ್ಗೆ ಬರೆದಿದ್ದರು. ಆದರೆ ಕಲೆಯ ಚರಿತ್ರೆ ಬರೆದವರು ಕೊಟ್ಟ ಸರ್ಟಿಫಿಕೇಟು ಒಂದೇ: ‘ಪ್ರಾಂತೀಯ’. ಅಳತೆಗೋಲು ಸಮೀಪದ ಬೈಜಾಂಟಿನ್ ರಾಜಧಾನಿ ಮಿಸ್ತ್ರಾಸ್. ಅಲ್ಲಿಯ ಪಂತಾನಸ್ಸಾ ಚರ್ಚನ್ನು 1428ರಲ್ಲಿ ಕಟ್ಟಿಸಿದವನು ರಾಜ್ಯದ ಮಂತ್ರಿ ಫ್ರಾಂಗೋಪೂಲೋಸ್. ಮಂತ್ರಿಯ ಚರ್ಚನ್ನು ಪಕ್ಕದಲ್ಲಿಟ್ಟು ರೈತರ ಚರ್ಚನ್ನು ತೂಗಿದರೆ ಫಲಿತಾಂಶ ಮೊದಲೇ ಗೊತ್ತಿರುತ್ತದೆ. ಆದರೆ ಮಾನಿಯ ವಂವಾಕದ ಸಂತ ಥಿಯೋಡೋರನ ಚರ್ಚಿನ ಅಮೃತಶಿಲೆಯ ಕೆತ್ತನೆಗೆ 1075ರಲ್ಲೇ ನಿಕೇತಾಸ್ ಎಂಬ ಶಿಲ್ಪಿ ತನ್ನ ಹೆಸರು ಹಾಕಿದ್ದಾನೆ. ‘ಪ್ರಾಂತೀಯ’ ಕುಶಲಕರ್ಮಿಗೂ ತನ್ನ ಕೈಯ ಬೆಲೆ ತಿಳಿದಿತ್ತು.

ಅಸಲಿ ಸಂಗತಿ ಇರುವುದು ಗೋಡೆಯ ಮೇಲಿನ ಬರಹದಲ್ಲಿ. ಕೆಪೂಲಾದ ಅಯೀ ಅನಾರ್ಯಿರಿ ಚರ್ಚು 1265ರದು. ಫ್ರೆಂಚ್ ದೊರೆ ವಿಲ್ಲಾರ್ದುವೆನ್ ಮಾನಿಯ ಕೋಟೆಯನ್ನು ಬೈಜಾಂಟಿನ್ ಚಕ್ರವರ್ತಿಗೆ ಬಿಟ್ಟುಕೊಟ್ಟು ಆಗ ಮೂರೇ ವರ್ಷ. ಅಲ್ಲಿಯ ದಾನಿಗಳ ಬರಹ ಒಟ್ಟು ಮೊತ್ತವನ್ನೂ ಹೇಳುತ್ತದೆ: 14½ ಚಿನ್ನದ ನಾಣ್ಯ. ಆ ಅರ್ಧವನ್ನು ಗಮನಿಸಬೇಕು. ಸಿರಿವಂತನೊಬ್ಬ ಕಟ್ಟಿಸಿದ್ದರೆ ಹದಿನೈದು ಎಂದು ಬರೆಸಿ ಮುಗಿಸುತ್ತಿದ್ದ, ಇಲ್ಲವೇ ಮೊತ್ತವನ್ನೇ ಹೇಳುತ್ತಿರಲಿಲ್ಲ. ಇಲ್ಲಿ ಯಾರೋ ಲೆಕ್ಕ ಇಟ್ಟಿದ್ದಾರೆ. ಊರಿನವರಿಂದ ಎತ್ತಿದ ದುಡ್ಡಿಗೆ ಊರಿನ ಮುಂದೆಯೇ ಲೆಕ್ಕ ಒಪ್ಪಿಸಿದ್ದಾರೆ. ದೇವರ ಎದುರು ಎನ್ನುವುದು ಆಮೇಲಿನ ಮಾತು.

ಪೊಲೆಮೀತಾಸಿನ ಪ್ರಧಾನ ದೇವದೂತ ಮಿಖಾಯಿಲನ ಚರ್ಚಿನಲ್ಲಿ, 1278ರಲ್ಲಿ, ಈ ಲೆಕ್ಕ ಒಪ್ಪಿಸುವಿಕೆ ಇನ್ನೂ ಮುಂದೆ ಹೋಗುತ್ತದೆ. ಸುಮಾರು ಮೂವತ್ತು ದಾನಿಗಳು. ಕೊಟ್ಟದ್ದು ತುಂಡು ಹೊಲ, ಆಲಿವ್ ಮರಗಳು. ನಾಣ್ಯ ಒಮ್ಮೆಗೆ ಖರ್ಚಾಗಿಹೋಗುತ್ತದೆ, ಮರ ವರ್ಷವರ್ಷವೂ ಫಲ ಕೊಡುತ್ತದೆ. ದೀಪಕ್ಕೆ ಎಣ್ಣೆಯ ದಾರಿಯೂ ಅದರಲ್ಲೇ ಆಯಿತು. ಇದರಲ್ಲಿ ಗ್ರಾಮ ಪ್ರಜಾಪ್ರಭುತ್ವ ಕಂಡು ಕಣ್ಣು ತೇವ ಮಾಡಿಕೊಳ್ಳುವುದು ಬೇಡ. ಗೋಡೆಯ ಮೇಲೆ ಹೆಸರಿದ್ದರೆ ಪ್ರಾರ್ಥನೆಯಲ್ಲಿ ಸ್ಮರಣೆ ಸಿಕ್ಕೀತು ಎಂಬ ಆಸೆ ಅದು, ನೆರೆಯವನು ಕೊಟ್ಟಾಗ ತಾನು ಹಿಂದುಳಿಯಬಾರದೆಂಬ ಹಟವೂ ಇದ್ದೀತು. ಬರಹದ ಬೆಲೆ ಅದರಿಂದ ಕಡಿಮೆಯಾಗದು.

ಮಾನಿಯವರು ‘ಕೊನೆಯ ಪೇಗನ್ನರು’ ಎಂಬ ಹಳೇ ರಾಗ ಬೇರೆ ಇದೆ. ಒಂಬತ್ತನೆಯ ಶತಮಾನದಲ್ಲಿ ಬೈಜಾಂಟಿನ್ ಚಕ್ರವರ್ತಿ ಮೊದಲನೇ ಬಾಸಿಲ್ ಇವರಿಗೆ ದೀಕ್ಷಾಸ್ನಾನ ಮಾಡಿಸಿದನೆಂದು ಬರೆದವನು ಅವನ ಮೊಮ್ಮಗ ಏಳನೇ ಕಾನ್‌ಸ್ಟಂಟೈನ್. ಅಜ್ಜನ ಕೀರ್ತಿ ಹಾಡುವ ಮೊಮ್ಮಗನನ್ನು ಸಾಕ್ಷಿಕಟ್ಟೆಗೆ ಹತ್ತಿಸುವವರು ಮಾನಿಯ ಕಿಪಾರಿಸ್ಸೊದಲ್ಲಿ ಅದಕ್ಕೂ ಶತಮಾನಗಳ ಹಿಂದಿನ ಕ್ರೈಸ್ತ ಬಸಿಲಿಕಾಗಳ ಅವಶೇಷ ಸಿಕ್ಕಿದ್ದನ್ನು ಮರೆಯುತ್ತಾರೆ. ಬೆಟ್ಟದ ಕೆಲವರು ಹಳೆಯ ದೇವರುಗಳನ್ನು ಬಿಡದೆ ಇದ್ದಿರಬಹುದು. ಇಡೀ ಸೀಮೆಯೇ ಹಾಗಿತ್ತೆನ್ನುವುದು ಪ್ರವಾಸಕಥನಕ್ಕೆ ರುಚಿ ಕೊಡುತ್ತದೆ, ಅಷ್ಟೆ.

ಚಿತ್ರಕಲೆಯ ಮಾತಿಗೆ ಬಂದರೆ ಎಲ್ಲವೂ ಮೇಲುದರ್ಜೆಯದಲ್ಲ. ಪೊಲೆಮೀತಾಸಿನ ಕುಂಚವನ್ನು ಮಿಸ್ತ್ರಾಸಿನ ಪೆರಿವ್ಲೆಪ್ತೊಸ್ ಚರ್ಚಿನ ಚಿತ್ರಗಳ ನವಿರಿಗೆ ಹೋಲಿಸಲಾಗದು. ಆದರೆ ಮಾನಿಯಲ್ಲೇ ಬುಲಾರಿಯ ಐ ಸ್ಟ್ರಾಟಿಗೊಸ್, ಸ್ಟಾವ್ರಿ ಬಳಿಯ ಎಪಿಸ್ಕೊಪಿ ಚರ್ಚುಗಳ ಚಿತ್ರಗಳು ಬೇರೆಯೇ ಮಟ್ಟದವು. ಒಳಮಾನಿಯ ಭಿತ್ತಿಚಿತ್ರಗಳ ಬಗ್ಗೆ ನಿಕೊಲಾಸ್ ಡ್ರಾಂಡಾಕಿಸ್ 1995ರಲ್ಲಿ ತಂದ ಬೃಹತ್ ಗ್ರಂಥ ಗ್ರೀಕ್ ಭಾಷೆಯಲ್ಲಿದೆ. ‘ಪ್ರಾಂತೀಯ’ ಎಂದು ಬರೆಯುವ ಮುನ್ನ ಅದನ್ನು ಒಮ್ಮೆ ತಿರುವಿಹಾಕಲು ಆ ಭಾಷೆ ಬರಲೇಬೇಕೆಂದೇನಿಲ್ಲ. ಚಿತ್ರ ನೋಡಿದರೂ ಸಾಕು.