ಕಡಲೆಬೀಜಕ್ಕೆ ಚಾಕೊಲೇಟ್ ಹೊದಿಸುವ ಕಾಲ

ಕಾರ್ತಿಕದ ಕೊನೆಯ ಸೋಮವಾರ ಬಸವನಗುಡಿಯ ದೊಡ್ಡ ಬಸವಣ್ಣನ ಮುಂದೆ ಕಡಲೆಕಾಯಿ ರಾಶಿ ಬೀಳುತ್ತದೆ. ಅಲ್ಲಿಂದ ಸಂಕ್ರಾಂತಿಯವರೆಗಿನ ಆರೇಳು ವಾರ ನಮ್ಮ ದೊಡ್ಡಬಳ್ಳಾಪುರ, ದೇವನಹಳ್ಳಿ ಸೀಮೆಯಲ್ಲಿ ಮನೆಯಲ್ಲೇ ಚಾಕೊಲೇಟ್ ಮಿಠಾಯಿ ಮಾಡುವುದಕ್ಕೆ ಹೇಳಿ ಮಾಡಿಸಿದ ಕಾಲ. ಹೊಸ ಕಡಲೆಕಾಯಿ ಒಣಗಿ ಅಂಗಡಿಗೆ ಬಂದಿರುತ್ತದೆ. ಮಕ್ಕಳಿಗೆ ಕ್ರಿಸ್‌ಮಸ್ ರಜೆ. ಘಾಟಿ ಸುಬ್ರಹ್ಮಣ್ಯದಲ್ಲಿ ದನಗಳ ಜಾತ್ರೆ ಸೇರುವುದೂ ಈ ಚಳಿಗಾಲದಲ್ಲೇ. ಎಲ್ಲಕ್ಕಿಂತ ಮುಖ್ಯವಾದದ್ದು ಆ ಚಳಿಯೇ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ಈ ಬಯಲಿನಲ್ಲಿ ರಾತ್ರಿ 15 ಡಿಗ್ರಿಯ ಆಸುಪಾಸಿಗೆ ಇಳಿಯುತ್ತದೆ. ಬೆಳಿಗ್ಗೆ ಬಿಸಿಲೇರುವವರೆಗೂ ಅಡುಗೆಮನೆಯ ಕಲ್ಲುಕಟ್ಟೆ ಮುಟ್ಟಿದರೆ ತಣ್ಣಗಿರುತ್ತದೆ. ಆ ಕಟ್ಟೆಯ ಮೇಲೆ ಚಾಕೊಲೇಟ್ ತಾನಾಗಿಯೇ ಗಟ್ಟಿಯಾಗುತ್ತದೆ, ಫ್ರಿಜ್ ಬೇಡ. ಕರಾವಳಿಯಲ್ಲಿ ಡಿಸೆಂಬರಿನಲ್ಲೂ ಹಗಲು 32 ಡಿಗ್ರಿ, ಅದರ ಮೇಲೆ ತೇವದ ಗಾಳಿ. ಕೋಕೋ ಬೆಳೆಯುವವರಿಗೆ ಇಲ್ಲದ ಅನುಕೂಲ ನಮಗಿದೆ.

ಈ ವಾರ ಹೇಳಹೊರಟಿರುವುದು ಒಳಗೆ ಕಡಲೆಬೀಜದ ಬೆಣ್ಣೆ, ಹೊರಗೆ ಕಪ್ಪು ಚಾಕೊಲೇಟ್ ಇರುವ ಉಂಡೆಯ ಬಗ್ಗೆ. ಈ ಜೋಡಿಯನ್ನು ಜನಪ್ರಿಯಗೊಳಿಸಿದವರು ಅಮೆರಿಕದವರು. ಪೆನ್ಸಿಲ್ವೇನಿಯಾದ ಹರ್ಷಿ ಪಟ್ಟಣದಲ್ಲಿ ಎಚ್. ಬಿ. ರೀಸ್ ಎಂಬಾತ 1928ರಲ್ಲಿ ಪೀನಟ್ ಬಟರ್ ತುಂಬಿದ ಪುಟ್ಟ ಚಾಕೊಲೇಟ್ ಬಟ್ಟಲುಗಳನ್ನು ಮಾರಾಟಕ್ಕೆ ತಂದ. ಒಹಾಯೊ ರಾಜ್ಯದ ಎಷ್ಟೋ ಮನೆಗಳಲ್ಲಿ ಕ್ರಿಸ್‌ಮಸ್‌ಗೆ ಇದರ ಉಂಡೆ ಕಟ್ಟುತ್ತಾರೆ. ನೆತ್ತಿಯಲ್ಲಿ ಕಾಸಿನಗಲ ಬಿಟ್ಟು ಉಳಿದದ್ದನ್ನು ಚಾಕೊಲೇಟಿನಲ್ಲಿ ಅದ್ದುತ್ತಾರೆ, ಅಲ್ಲಿನ ಬಕೈ ಮರದ ಬೀಜದ ಹಾಗೆ ಕಾಣಲೆಂದು. ಅಲ್ಲಿ ನೆಲೆಸಿದ ನಮ್ಮವರು ರಜೆಗೆ ಬರುವಾಗ ಇಂಥ ಪೊಟ್ಟಣ ತರುತ್ತಾರೆ. ತಿಂದಾಗಲೆಲ್ಲ ನನಗನ್ನಿಸುವುದು ಒಂದೇ: ಸಕ್ಕರೆ ಜಾಸ್ತಿ, ಬೀಜದ ರುಚಿ ಕಮ್ಮಿ. ಕಡಲೆಕಾಯಿಗೇ ಒಂದು ಪರಿಷೆ ಮಾಡುವ ನಾಡಿನಲ್ಲಿ ಇದು ಇನ್ನೂ ಚೆನ್ನಾಗಿ ಆಗಬೇಕು.

ಬೀಜದಿಂದಲೇ ಶುರು ಮಾಡೋಣ. ಪರಿಷೆಗೆ ದೊಡ್ಡಬಳ್ಳಾಪುರ, ಮಾಗಡಿ, ಚಿಂತಾಮಣಿ, ಶ್ರೀನಿವಾಸಪುರದಿಂದಲ್ಲದೆ ಆಂಧ್ರದ ಕುಪ್ಪಂ, ತಮಿಳುನಾಡಿನ ಧರ್ಮಪುರಿ ಕಡೆಯಿಂದಲೂ ಕಾಯಿ ಬರುತ್ತದೆ. ಅಲ್ಲಿ ದಪ್ಪ ಕಾಯಿ ನೋಡಿ ಮರುಳಾಗಬೇಡಿ. ಬೇಯಿಸಿ ತಿನ್ನಲು ಅದು ಸೊಗಸು. ಹುರಿದು ಅರೆಯುವುದಕ್ಕೆ ಸಣ್ಣ, ಗುಂಡನೆಯ ಬೀಜವೇ ಮೇಲು. ತಿಂಡಿವನಂನಲ್ಲಿ ಬೆಳೆಸಿದ ಹಳೆಯ ತಳಿ ಟಿಎಂವಿ-2ರಂಥದ್ದು ಸಿಕ್ಕರೆ ಬಿಡಬೇಡಿ. ಒಳಗೂ ಹೊರಗೂ ಒಂದೇ ಸಮ ಹುರಿಯುತ್ತದೆ. ಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ: ಬೀಜ ಗಲಗಲ ಅಂದರೆ ಒಣಗಿದೆ, ಸದ್ದಿಲ್ಲದಿದ್ದರೆ ಇನ್ನೂ ಹಸಿ. ಹಸಿ ಕಾಯಿ ಉಪ್ಪು ಹಾಕಿ ಬೇಯಿಸಲು ಇರಲಿ.

ಸುಲಿದ ಬೀಜವನ್ನು ಮೊರದಲ್ಲಿ ಹರವಿ, ಬೆಳಕಿನಲ್ಲಿ ಕೂತು ಆರಿಸಿ. ಈ ಕೆಲಸದಲ್ಲಿ ಅವಸರ ಕೂಡದು. ಸುಕ್ಕುಗಟ್ಟಿದ್ದು, ಕಪ್ಪಾದದ್ದು, ಬೂಷ್ಟು ಹಿಡಿದದ್ದು, ಅನುಮಾನ ಬಂದದ್ದು ಎಲ್ಲವೂ ಆಚೆ. ಒಂದು ಕಹಿ ಬೀಜ ಇಡೀ ಬಟ್ಟಲನ್ನು ಕೆಡಿಸುತ್ತದೆ ಅನ್ನುವುದು ರುಚಿಯ ಮಾತು. ಆರೋಗ್ಯದ ಮಾತು ಇನ್ನೂ ಗಟ್ಟಿಯಾದದ್ದು: ಬೂಷ್ಟು ಹಿಡಿದ ಕಡಲೆಬೀಜದಲ್ಲಿ ಅಫ್ಲಾಟಾಕ್ಸಿನ್ ಎಂಬ ವಿಷ ಇರಬಹುದು, ಅದು ಯಕೃತ್ತಿಗೆ ಕೆಟ್ಟದ್ದು, ಹುರಿದರೂ ಪೂರ್ತಿ ಹೋಗುವುದಿಲ್ಲ.

ದಪ್ಪ ತಳದ ಬಾಣಲೆ, ಸಣ್ಣ ಉರಿ. ಕಾಲು ಕಿಲೋ ಬೀಜಕ್ಕೆ ಇಪ್ಪತ್ತು ನಿಮಿಷವಾದರೂ ಬೇಕು. ಮರಳಿನಲ್ಲಿ ಹುರಿಯುವ ಅಭ್ಯಾಸ ಇದ್ದವರಿಗೆ ಇನ್ನೂ ಒಳ್ಳೆಯದು, ಶಾಖ ಎಲ್ಲ ಕಡೆಯಿಂದ ಹಿಡಿಯುತ್ತದೆ. ಎಳ್ಳು ಬೀರುವುದಕ್ಕೆ ಹುರಿಯುವಾಗ ಬೀಜ ಬೆಳ್ಳಗೆ ಉಳಿಯಲೆಂದು ಬೇಗ ಇಳಿಸುತ್ತೇವೆ. ಇಲ್ಲಿ ಹಾಗಲ್ಲ. ಬೀಜವನ್ನು ಎರಡಾಗಿ ಒಡೆದರೆ ಒಳಮೈ ಹೊಂಬಣ್ಣಕ್ಕೆ ತಿರುಗಿರಬೇಕು. ಕಪ್ಪು ಚಾಕೊಲೇಟಿನ ಕಹಿಯ ಎದುರು ನಿಲ್ಲುವಷ್ಟು ಹುರಿದ ಘಮ ಬೇಕಲ್ಲ. ಬಿಸಿ ಆರಿದ ಮೇಲೆ ಉಜ್ಜಿ, ಸಿಪ್ಪೆ ಕೇರಿ, ಮಿಕ್ಸಿಗೆ ಹಾಕಿ. ಮೊದಲು ಪುಡಿಯಾಗುತ್ತದೆ, ಆಮೇಲೆ ಮುದ್ದೆಗಟ್ಟಿ ಜಾರಿನ ಗೋಡೆಗೆ ಅಂಟುತ್ತದೆ. ಇಲ್ಲಿ ಬಹಳ ಜನ ಎಣ್ಣೆಯನ್ನೋ ನೀರನ್ನೋ ಹಾಕಿಬಿಡುತ್ತಾರೆ. ಬೇಡ. ಬೀಜದ ತೂಕದ ಹೆಚ್ಚುಕಮ್ಮಿ ಅರ್ಧ ಎಣ್ಣೆಯೇ. ಜಾರು ಬಿಸಿಯೇರದಂತೆ ಬಿಟ್ಟು ಬಿಟ್ಟು ತಿರುಗಿಸಿದರೆ ಅದು ತಾನೇ ಹೊರಬಂದು ಮುದ್ದೆ ಸಡಿಲವಾಗುತ್ತದೆ. ಪೂರ್ತಿ ನುಣ್ಣಗೆ ಆಗುವ ಮೊದಲೇ ನಾನು ನಿಲ್ಲಿಸುತ್ತೇನೆ. ಹಲ್ಲಿಗೆ ಒಂದಿಷ್ಟು ತರಿ ಸಿಗಲೇಬೇಕು.

ಇದಕ್ಕೆ ಅರ್ಧ ಚಮಚ ಉಪ್ಪು, 60 ಗ್ರಾಂ ಬೆಲ್ಲದ ಪುಡಿ, 40 ಗ್ರಾಂ ಹುರಿಗಡಲೆ ಹಿಟ್ಟು. ಬೆಲ್ಲ ಒಣಗಿ ಪುಡಿಪುಡಿಯಾಗುವಂತಿರಬೇಕು, ಜಿಗುಟು ಬೆಲ್ಲದ ತೇವಕ್ಕೆ ಬೆಣ್ಣೆ ಗಂಟುಗಟ್ಟುತ್ತದೆ. ಅಮೆರಿಕದ ಕ್ರಮದಲ್ಲಿ ಉಂಡೆ ನಿಲ್ಲಲೆಂದೇ ಬಟ್ಟಲುಗಟ್ಟಲೆ ಸಕ್ಕರೆಪುಡಿ ಸುರಿಯುತ್ತಾರೆ. ಆ ಕೆಲಸವನ್ನು ಹುರಿಗಡಲೆ ಹಿಟ್ಟು ಸಿಹಿ ಏರಿಸದೆ ಮಾಡುತ್ತದೆ, ಹೆಚ್ಚಾದ ಎಣ್ಣೆಯನ್ನೂ ಹೀರುತ್ತದೆ. ಕಡಲೆಬೀಜ, ಬೆಲ್ಲ, ಹುರಿಗಡಲೆ ಸೇರಿದರೆ ಎಳ್ಳುಬೆಲ್ಲದ ಬಟ್ಟಲಿನ ರುಚಿ ನಾಲಗೆಗೆ ಬರುವುದು ಸಹಜ. ನೆಲ್ಲಿಕಾಯಿ ಗಾತ್ರದ ಉಂಡೆ ಕಟ್ಟಿ ತಟ್ಟೆಯಲ್ಲಿಡಿ.

ಇನ್ನು ಚಾಕೊಲೇಟ್. ಇಲ್ಲಿಗೆ ಬಂದಾಗ ಬಹಳ ಮಂದಿ ಹಿಂಜರಿಯುತ್ತಾರೆ, ಇದು ಬೇಕರಿಯವರ ವಿದ್ಯೆ ಎನ್ನುತ್ತಾರೆ. ಸಕ್ಕರೆ ಅಚ್ಚು ಹಾಕಲು ಬಂದವರಿಗೆ ಈ ವಿದ್ಯೆ ಮುಕ್ಕಾಲು ಪಾಲು ಆಗಲೇ ಬಂದಿದೆ ಎಂಬುದು ನನ್ನ ಖಚಿತ ಅಭಿಪ್ರಾಯ. ನಮ್ಮ ಸೋದರತ್ತೆ ಅಚ್ಚು ಹಾಕುವುದನ್ನು ಪಕ್ಕದಲ್ಲೇ ಕೂತು ನೋಡಿದ್ದೇನೆ. ಮರದ ಅಚ್ಚುಗಳನ್ನು ಮೊದಲೇ ನೀರಲ್ಲಿ ನೆನೆಸಿ, ಜೋಡಿಸಿ, ರಬ್ಬರ್ ಬ್ಯಾಂಡ್ ಬಿಗಿದು ಸಾಲಾಗಿ ನಿಲ್ಲಿಸುತ್ತಿದ್ದರು. ಸಕ್ಕರೆ ಕರಗಿಸಿ, ಹಾಲು ಹಾಕಿ ಕೊಳೆ ತೆಗೆದು, ಬಟ್ಟೆಯಲ್ಲಿ ಸೋಸಿದ ಪಾಕವನ್ನು ಒಂದೊಂದೇ ಸೌಟು ಪುಟ್ಟ ಪಾತ್ರೆಗೆ ಹಾಕಿ ಕಾಯಿಸುತ್ತಿದ್ದರು. ಪಾಕ ಕುದ್ದು ಹದಕ್ಕೆ ಬಂದೊಡನೆ ಕೆಳಗಿಳಿಸಿ ತಿರುವಲು ಶುರು. ಪಾತ್ರೆಯ ಅಂಚು ಬೆಳ್ಳಗಾಗುವುದನ್ನೇ ಕಾಯುತ್ತಿದ್ದರು. “ಈಗ ನೋಡು ಮಗ, ಈಗ” ಅನ್ನುವಷ್ಟರಲ್ಲಿ ಪಾಕ ಅಚ್ಚಿನೊಳಗೆ. ಗಳಿಗೆ ಮೊದಲು ಸುರಿದರೆ ಅಚ್ಚು ಗಟ್ಟಿಯಾಗದು, ಗಳಿಗೆ ತಡವಾದರೆ ಪಾತ್ರೆಯಲ್ಲೇ ಕಲ್ಲು.

ಅವರು ಕಾಯುತ್ತಿದ್ದದ್ದು ಸಕ್ಕರೆ ಹರಳುಗಟ್ಟುವ ಗಳಿಗೆಯನ್ನು. ಚಾಕೊಲೇಟಿನಲ್ಲೂ ನಡೆಯುವುದು ಅದೇ, ಹರಳು ಮಾತ್ರ ಕೋಕೋ ಬೆಣ್ಣೆಯದು. ಕೋಕೋ ಬೆಣ್ಣೆ ಆರು ಬಗೆಯಲ್ಲಿ ಹರಳುಗಟ್ಟಬಲ್ಲದು. ಅದರಲ್ಲಿ ಐದನೆಯ ಬಗೆಯೊಂದೇ ನಮಗೆ ಬೇಕಾದ ಹೊಳಪನ್ನೂ, ಟಕ್ಕೆಂದು ಮುರಿಯುವ ಗುಣವನ್ನೂ ಕೊಡುತ್ತದೆ. ಬರೀ ಕರಗಿಸಿ ಅದ್ದಿಟ್ಟರೆ ಎಲ್ಲ ಬಗೆಯೂ ಬೆರೆತು ಉಂಡೆಯ ಮೇಲೆ ಬೂದು ಬಣ್ಣದ ಗೆರೆ ಏಳುತ್ತದೆ, ಮುಟ್ಟಿದರೆ ಬೆರಳಿಗೆ ಅಂಟುತ್ತದೆ.

ಕೊಳ್ಳುವಾಗ ಪೊಟ್ಟಣದ ಹಿಂಬದಿ ಓದಿ. ಕೋಕೋ ಬೆಣ್ಣೆ ಎಂದಿದ್ದರೆ ಅದು ಚಾಕೊಲೇಟ್. ಅದರ ಬದಲು ವನಸ್ಪತಿ ಕೊಬ್ಬು ಎಂದಿದ್ದರೆ ಅದು ಕಾಂಪೌಂಡ್. ಕರಗಿಸಿ ಹಾಗೇ ಅದ್ದಬಹುದು, ಹದ ಮಾಡುವ ತಾಪತ್ರಯವಿಲ್ಲ, ಆದರೆ ಬಾಯಲ್ಲಿ ಮೇಣದಂತೆ ಉಳಿಯುತ್ತದೆ. ಇಷ್ಟು ಆರಿಸಿ ಹುರಿದ ಬೀಜಕ್ಕೆ ಅದನ್ನು ಹೊದಿಸಲು ನನಗೆ ಮನಸ್ಸು ಬಾರದು. ನಮ್ಮ ರಾಜ್ಯದಲ್ಲೇ ಪುತ್ತೂರಿನಲ್ಲಿ ಕ್ಯಾಂಪ್ಕೊ ಚಾಕೊಲೇಟ್ ಕಾರ್ಖಾನೆ ಇದೆ. ವಾರಣಾಶಿ ಸುಬ್ರಾಯ ಭಟ್ಟರ ಮುಂದಾಳತ್ವದಲ್ಲಿ 1973ರಲ್ಲಿ ಅಡಿಕೆ ಬೆಳೆಗಾರರು ಕಟ್ಟಿಕೊಂಡ ಸಹಕಾರ ಸಂಸ್ಥೆ ಅದು. ಅಡಿಕೆ ತೋಟದ ನೆರಳಲ್ಲಿ ಬೆಳೆದ ಕೋಕೋಗೆ ಕೊಳ್ಳುವವರಿಲ್ಲದೆ ಬೆಲೆ ನೆಲ ಕಚ್ಚಿದಾಗ ಸಂಸ್ಥೆ ತಾನೇ ಖರೀದಿಗೆ ಇಳಿಯಿತು, 1986ರಲ್ಲಿ ಕಾರ್ಖಾನೆಯನ್ನೂ ತೆರೆಯಿತು. ರೈತರೇ ಒಡೆಯರಾದ ಇಂಥ ಕಾರ್ಖಾನೆ ನಮ್ಮಲ್ಲಿರುವುದು ನನಗೆ ನಿಜಕ್ಕೂ ಹೆಮ್ಮೆ.

300 ಗ್ರಾಂ ಕಪ್ಪು ಚಾಕೊಲೇಟನ್ನು ಸಣ್ಣಗೆ ಹೆಚ್ಚಿ, ಮೂರರಲ್ಲಿ ಒಂದು ಪಾಲು ತೆಗೆದಿಡಿ. ಉಳಿದದ್ದನ್ನು ಒಣ ಬಟ್ಟಲಿಗೆ ಹಾಕಿ ಬಿಸಿನೀರಿನ ಪಾತ್ರೆಯ ಮೇಲಿಡಿ, ತಳಕ್ಕೆ ನೀರು ತಾಕಬಾರದು. 45 ಡಿಗ್ರಿಗೆ ಬಂದು ಪೂರ್ತಿ ಕರಗಿದಾಗ ಇಳಿಸಿ, ಬಟ್ಟಲಿನ ತಳ ಒರೆಸಿ, ತೆಗೆದಿಟ್ಟದ್ದನ್ನು ಸ್ವಲ್ಪಸ್ವಲ್ಪವೇ ಸೇರಿಸುತ್ತಾ ತಿರುವಿ. ಕರಗದ ತುಂಡಿನಲ್ಲಿರುವ ಒಳ್ಳೆಯ ಹರಳುಗಳು ಕರಗಿದ್ದಕ್ಕೆ ಹೆಪ್ಪಾಗುತ್ತವೆ. 31–32 ಡಿಗ್ರಿಗೆ ಇಳಿದರೆ ಹದ ಬಂದಂತೆ. ಥರ್ಮಾಮೀಟರ್ ಇಲ್ಲದಿದ್ದರೆ ಒಂದು ಹನಿಯನ್ನು ಕೆಳತುಟಿಗೆ ಮುಟ್ಟಿಸಿ: ತುಸು ತಣ್ಣಗೆ ಅನ್ನಿಸಬೇಕು. ಚಾಕುವಿನ ತುದಿ ಅದ್ದಿ ಕಟ್ಟೆಯ ಮೇಲಿಡಿ. ಐದಾರು ನಿಮಿಷದಲ್ಲಿ ಹೊಳಪು ಹೋಗದೆ ಗಟ್ಟಿಯಾದರೆ ಉಂಡೆ ಅದ್ದಲು ಶುರು ಮಾಡಿ. ಒಂದು ಹನಿ ನೀರು, ಒಂದಿಷ್ಟು ಹಬೆ ಬಿದ್ದರೂ ಚಾಕೊಲೇಟ್ ಮರಳುಮರಳಾಗಿ ಬಿಗಿದುಕೊಳ್ಳುತ್ತದೆ. ಹಾಗಾದರೆ ಎಸೆಯಬೇಡಿ. ಬಿಸಿ ಹಾಲು ಬೆರೆಸಿ ಮಕ್ಕಳಿಗೆ ಕುಡಿಯಲು ಕೊಡಿ, ಉಂಡೆಗೆ ಬೇರೆ ಕರಗಿಸಿ.

ಉಂಡೆಗಳನ್ನು ಫ್ರಿಜ್ಜಿನಿಂದ ತೆಗೆದು ನೇರ ಅದ್ದಬಾರದು. ಕೊರೆಯುವ ಉಂಡೆ ಆಮೇಲೆ ಬೆಚ್ಚಗಾಗಿ ಹಿಗ್ಗಿದಾಗ ಹೊರಗಿನ ಚಿಪ್ಪು ಬಿರಿಯುತ್ತದೆ. ಫೋರ್ಕಿನ ಮೇಲೆ ಕೂರಿಸಿ ಮುಳುಗಿಸಿ, ಬಟ್ಟಲಿನ ಅಂಚಿಗೆ ತಟ್ಟಿ ಹೆಚ್ಚಾದದ್ದನ್ನು ಇಳಿಸಿ, ಬೆಣ್ಣೆಕಾಗದದ ಮೇಲೆ ಇಡಿ. ಹೊದಿಕೆ ತೆಳ್ಳಗಿದ್ದಷ್ಟೂ ಚೆಂದ. ಮೇಲೆ ನಾಲ್ಕು ಹರಳು ಕಲ್ಲುಪ್ಪು.

ಎರಡು ವಾರದೊಳಗೆ ಮುಗಿಸಿ. ಅದು ಕಳೆದರೆ ಬೀಜದ ಎಣ್ಣೆ ಹೊರಗಿನ ಚಿಪ್ಪಿಗೆ ಇಳಿಯುತ್ತಾ ಅದನ್ನು ಮೆತ್ತಗೆ ಮಾಡುತ್ತದೆ. ಹಂಚುವಾಗ ಒಳಗೆ ಕಡಲೆಬೀಜ ಇದೆ ಎಂದು ಬಾಯಿಬಿಟ್ಟು ಹೇಳಿ, ಕೆಲವರಿಗೆ ಅದರ ಅಲರ್ಜಿ ಪ್ರಾಣಕ್ಕೇ ಕುತ್ತು. ಬಟ್ಟಲಿನ ತಳದಲ್ಲಿ ಉಳಿದ ಚಾಕೊಲೇಟಿಗೆ ನಮ್ಮ ಕಡೆಯ ಇನ್ನೊಂದು ಉಪಯೋಗವಿದೆ. ದೇವನಹಳ್ಳಿ ಚಕ್ಕೋತದ ಸಿಪ್ಪೆಯನ್ನು ಉದ್ದುದ್ದ ಸೀಳಿ, ಕಹಿ ಇಳಿಯುವಂತೆ ಮೂರು ಸಲ ನೀರು ಬದಲಿಸಿ ಬೇಯಿಸಿ, ಸಕ್ಕರೆ ಪಾಕದಲ್ಲಿ ಪಾರದರ್ಶಕವಾಗುವವರೆಗೆ ಕುದಿಸಿ, ಎರಡು ದಿನ ಒಣಗಿಸಿಟ್ಟಿರಿ. ಅದನ್ನು ಅರ್ಧಕ್ಕೆ ಅದ್ದಿಟ್ಟರೆ ಕಡಲೆಬೀಜದ ಉಂಡೆಯ ಪಕ್ಕದಲ್ಲಿಡಲು ಅದಕ್ಕಿಂತ ಒಳ್ಳೆಯ ಜೊತೆ ನನಗೆ ಕಂಡಿಲ್ಲ.