ಟೋಪಿ ಹಿಡಿದ ಕೈ

2018ರ ಏಪ್ರಿಲ್‌ನಲ್ಲಿ ನಮ್ಮ ವಂಡ್ಸೆಯ ಗುರುರಾಜ ಪೂಜಾರಿ ಗೋಲ್ಡ್ ಕೋಸ್ಟ್ ಕಾಮನ್‌ವೆಲ್ತ್ ಕೂಟದಲ್ಲಿ 249 ಕೆಜಿ ಎತ್ತಿ ಬೆಳ್ಳಿ ಗೆದ್ದರು. ನಾವೆಲ್ಲ ಫಾರ್ವರ್ಡ್ ಮಾಡಿದ್ದು ಮಾತ್ರ ‘ಟ್ರಕ್ ಚಾಲಕನ ಮಗ’ ಅನ್ನೋ ಸಾಲನ್ನ. ಬಡತನ ಪದಕಕ್ಕೊಂದು ಒಡವೆ ಆಗಿಬಿಡ್ತು.

ರಾನ್ ಹೋವರ್ಡ್ ನಿರ್ದೇಶನದ ‘ಸಿಂಡರೆಲ್ಲಾ ಮ್ಯಾನ್’ (2005) ಮತ್ತೆ ನೋಡುವಾಗ ಇದು ನೆನಪಾಯ್ತು. 1930ರ ದಶಕದ ಅಮೆರಿಕ, ಎಲ್ಲೂ ಕೆಲಸವಿಲ್ಲ. ಬಾಕ್ಸರ್ ಜಿಮ್ ಬ್ರಾಡಕ್‌ನ ಕೈ ಮುರಿದಿದೆ, ಮನೆಯಲ್ಲಿ ಕರೆಂಟಿಲ್ಲ, ಬಂದರಿನ ಕೂಲಿ ಸಾಲೋದಿಲ್ಲ. ಕೊನೆಗೆ ತನ್ನ ಪಂದ್ಯಗಳಿಂದ ದುಡ್ಡು ಮಾಡಿದವರ ಮುಂದೆಯೇ ಟೋಪಿ ಒಡ್ಡುತ್ತಾನೆ. ಇಡೀ ಸಿನಿಮಾದಲ್ಲಿ ಅದಕ್ಕಿಂತ ಜೋರಾದ ಹೊಡೆತ ಇನ್ನೊಂದಿಲ್ಲ.

ಸಿನಿಮಾ ಎಡವೋದು ಆಮೇಲೆ. ಎದುರಾಳಿ ಮ್ಯಾಕ್ಸ್ ಬೇರ್‌ನನ್ನು ಖಳನಾಯಕ ಮಾಡಿ, 1935ರ ಗೆಲುವೇ ಎಲ್ಲಕ್ಕೂ ಉತ್ತರ ಅನ್ನುತ್ತೆ. ಅಸಲಿ ಎದುರಾಳಿ ಹಾಲಿನವನ ಬಾಕಿ ಆಗಿತ್ತಲ್ವಾ? ಬ್ರಾಡಕ್ ಸೋತಿದ್ರೆ, ಮಕ್ಕಳಿಗಾಗಿ ಒಡ್ಡಿದ ಆ ಟೋಪಿಗೆ ಬೆಲೆ ಇರ್ತಿರ್ಲಿಲ್ವಾ?

ನಾವೂ ಅದೇ ಸಿನಿಮಾದವರು. ಗುರುರಾಜರ ಮನೆಯ ಕಷ್ಟ ಕೇಳಿದ್ದು ಪದಕ ಬಂದ ಮೇಲೆ. ಪದಕ ಬಾರದವರ ಮೊಟ್ಟೆ-ಹಾಲಿನ ಲೆಕ್ಕವನ್ನ ಇವತ್ತಿಗೂ ಕೇಳಿಲ್ಲ.